ಬಟ್ಟೆ ಸರಿ, ಹಾಸಿದ್ದು ತಪ್ಪು: ಪೂಲ್ ಟೇಬಲ್ಲಿನ ಒಂದು ಬಿಲ್ಲು ಕಲಿಸುವ ವ್ಯವಹಾರ ಪಾಠ

ದೊಡ್ಡ ಮೊತ್ತದ ವ್ಯವಹಾರಕ್ಕೆ ಕರಾರುಪತ್ರವಿರುತ್ತದೆ, ಸಾಕ್ಷಿಗಳಿರುತ್ತಾರೆ, ಕಂತುಗಳ ವೇಳಾಪಟ್ಟಿಯಿರುತ್ತದೆ. ಸಣ್ಣ ಕೆಲಸಕ್ಕೆ ಬಾಯಿಮಾತೇ ಆಧಾರ. ಆದ್ದರಿಂದಲೇ ಲೆಕ್ಕಪರಿಶೋಧಕರ ಕಚೇರಿಗೆ ಬಂದು ಸೇರುವ ತಕರಾರುಗಳಲ್ಲಿ ಹೆಚ್ಚಿನವು ಸಣ್ಣ ಮೊತ್ತದವು. ಅಂತಹ ಒಂದು ಪ್ರಕರಣವನ್ನು ಆಧರಿಸಿ, ಸರಕನ್ನು ಮಾರಿ ಅದನ್ನು ಗ್ರಾಹಕರ ಸ್ಥಳದಲ್ಲಿ ಜೋಡಿಸಿಕೊಡುವ ವ್ಯವಹಾರಗಳಲ್ಲಿ ಉಭಯ ಪಕ್ಷಗಳೂ ವಹಿಸಬೇಕಾದ ಎಚ್ಚರಿಕೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ನಮ್ಮ ಸದಸ್ಯರಲ್ಲಿ ಅನೇಕರು ಒಂದು ಬಿಲ್ಲಿನಲ್ಲಿ ಮಾರಾಟಗಾರರಾದರೆ ಮತ್ತೊಂದರಲ್ಲಿ ಕೊಳ್ಳುವವರು. ಆದ್ದರಿಂದ ವಿಷಯವನ್ನು ಎರಡೂ ಕಡೆಯಿಂದ ನೋಡುವುದು ಅವಶ್ಯ.

1. ಪ್ರಕರಣದ ಹಿನ್ನೆಲೆ

ಕಾರವಾರ ತಾಲೂಕಿನ ಹಣಕೋಣದಲ್ಲಿ ವಾಸವಿರುವ ನನ್ನ ಕಕ್ಷಿದಾರರೊಬ್ಬರು ಮಂಜುಗಡ್ಡೆ ತಯಾರಿಸುವ ಘಟಕದ ಮಾಲೀಕರು. ಅವರ ಮನೆಯಲ್ಲಿ ಎಂಟು ಅಡಿಯ ಒಂದು ಪೂಲ್ ಟೇಬಲ್ ಇದೆ. ಹಳೆಯ ಬಟ್ಟೆ ಹರಿದುದರಿಂದ ಒಂದು ಜನವರಿಯಲ್ಲಿ ಹೊರ ಊರಿನ ಅಂಗಡಿಯೊಂದರಿಂದ ಹೊಸ ಬಟ್ಟೆ ತರಿಸಿದರು. ಅಂಗಡಿಯವರೇ ಕೆಲಸಗಾರನನ್ನು ಕಳುಹಿಸಿದರು. ಬಟ್ಟೆಗೆ ರೂ. 24,000, ಹಾಸಿಕೊಡುವ ಮಜೂರಿ ರೂ. 6,000, ತೆರಿಗೆ ಪ್ರತ್ಯೇಕ. ಬಿಲ್ಲು ಒಂದೇ. ಕೆಲಸ ಮುಗಿದ ಸಂಜೆಯೇ ಪೂರ್ತಿ ಹಣ ಸಂದಾಯವಾಯಿತು.

ಮೊದಲ ವಾರದಲ್ಲಿಯೇ ಒಂದು ಮೂಲೆಯ ಪಾಕೆಟ್ಟಿನ ಬಳಿ ಸಣ್ಣ ಸುಕ್ಕು ಕಾಣಿಸಿತು. ಮನೆಯ ಮಕ್ಕಳು ಹೇಳಿದರು, ಯಜಮಾನರು ಗಮನಿಸಲಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಬಟ್ಟೆ ಎಲ್ಲೆಡೆಯೂ ಸಡಿಲಾಯಿತು. ನಿಧಾನವಾಗಿ ಉರುಳುವ ಚೆಂಡು ಗೆರೆ ಬಿಟ್ಟು ಬದಿಗೆ ಸರಿಯತೊಡಗಿತು. ಅಂಗಡಿಗೆ ಫೋನ್ ಮಾಡಿದರೆ, "ಅದು ಸಮುದ್ರದ ಹವೆಯ ದೋಷ, ಮೇಲಾಗಿ ಹಾಸಿದವನು ನಮ್ಮ ನೌಕರನಲ್ಲ, ಕಂತ್ರಾಟಿನವನು" ಎಂಬ ಉತ್ತರ ಬಂದಿತು. ಆಗಸ್ಟ್ ತಿಂಗಳಲ್ಲಿ ಅವರು ಬಿಲ್ಲು ಹಿಡಿದು ನನ್ನ ಕಚೇರಿಗೆ ಬಂದು, "ಸಾಹೇಬರೇ, ಇವರ ಮೇಲೆ ಕೇಸು ಹಾಕಲೇಬೇಕು" ಎಂದರು.

ಕಾನೂನಿನ ಪುಸ್ತಕ ತೆರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು. ದೋಷ ಬಟ್ಟೆಯದೋ, ಕೆಲಸದ್ದೋ, ಹವೆಯದೋ? ಇದು ತಿಳಿಯದೆ ಹೂಡುವ ಯಾವ ದಾವೆಯೂ ನಿಲ್ಲುವುದಿಲ್ಲ. ಅದನ್ನು ತಿಳಿಯಲು ಸರಕಿನ ಸ್ವರೂಪವನ್ನೂ ಕೆಲಸದ ಕ್ರಮವನ್ನೂ ಅರಿಯಬೇಕಾಯಿತು.

2. ಸರಕಿನ ಸ್ವರೂಪ ಮತ್ತು ಕೆಲಸದ ಕ್ರಮ

ಮೇಜಿನ ಮೇಲಾಡುವ ಈ ಚೆಂಡಾಟಗಳು ನಮ್ಮ ದೇಶಕ್ಕೆ ಹೊಸವಲ್ಲ. ಸ್ನೂಕರ್ ಆಟ ರೂಪುಗೊಂಡದ್ದೇ 1875ರ ಸುಮಾರಿಗೆ ಜಬಲ್‌ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ ಎಂಬುದು ಪ್ರಸಿದ್ಧ. ಬೆಂಗಳೂರಿನ ಪಂಕಜ್ ಅಡ್ವಾಣಿಯವರು 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಮೇಲೆ ಕರ್ನಾಟಕದ ಮನೆಗಳಲ್ಲಿಯೂ ಈ ಆಟಗಳ ಬಗ್ಗೆ ಆಸಕ್ತಿ ಮೂಡಿತು. ಆದರೆ ಟೇಬಲ್ಲಿನ ಬಟ್ಟೆಯ ಬಗ್ಗೆ ಕೊಳ್ಳುವವರಿಗಿರುವ ತಿಳಿವಳಿಕೆ ಅತ್ಯಲ್ಪ.

ಒಳ್ಳೆಯ ಪೂಲ್ ಬಟ್ಟೆಯಲ್ಲಿ ಹೆಚ್ಚಿನ ಪಾಲು ಉಣ್ಣೆ, ಸ್ವಲ್ಪ ನೈಲಾನ್. ಇದರಲ್ಲಿ ಎರಡು ಬಗೆಗಳಿವೆ. ಸ್ನೂಕರ್ ಟೇಬಲ್ಲಿಗೆ ಬಳಸುವುದು ಒಂದೇ ದಿಕ್ಕಿಗೆ ಮಲಗಿದ ನವಿರಾದ ರೋಮವುಳ್ಳ ಬಟ್ಟೆ. ಪೂಲ್ ಟೇಬಲ್ಲಿಗೆ ಸಾಮಾನ್ಯವಾಗಿ ಬಳಸುವುದು ರೋಮವಿಲ್ಲದ, ಬಿಗಿಯಾಗಿ ನೇಯ್ದ ವರ್ಸ್ಟೆಡ್ ಬಟ್ಟೆ. ಮೊದಲನೆಯದರಲ್ಲಿ ದಿಕ್ಕು ತಪ್ಪಿದರೆ ಆಟ ಕೆಡುತ್ತದೆ. ಎರಡನೆಯದರಲ್ಲಿ ಬಿಗಿ ತಪ್ಪಿದರೆ ಆಟ ಕೆಡುತ್ತದೆ.

ಬಟ್ಟೆ ಹಾಸುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಬೋಲ್ಟು ಬಿಚ್ಚಿ ಸುತ್ತಲಿನ ಕುಶನ್ ಪಟ್ಟಿಗಳನ್ನು ತೆಗೆಯಬೇಕು. ಹಳೆಯ ಬಟ್ಟೆಯನ್ನೂ ಪಿನ್ನುಗಳನ್ನೂ ಒಂದೂ ಉಳಿಯದಂತೆ ಕೀಳಬೇಕು. ಸ್ಲೇಟ್ ಕಲ್ಲಿನ ಹಾಸು ಹಲವು ಟೇಬಲ್ಲುಗಳಲ್ಲಿ ಮೂರು ತುಂಡುಗಳದ್ದು. ಅವುಗಳ ಸಂದಿಗೆ ಮೇಣ ತುಂಬಿ ಸಪಾಟು ಮಾಡಿ, ರಸಮಟ್ಟದಿಂದ ಮಟ್ಟ ನೋಡಬೇಕು. ಬಳಿಕ ಬಟ್ಟೆಯನ್ನು ಸರಿಯಾದ ಮಗ್ಗುಲು ಮೇಲೆ ಬರುವಂತೆ ಹರಡಿ, ಒಂದು ತುದಿಯಲ್ಲಿ ಪಿನ್ನು ಹೊಡೆದು, ಎದುರು ತುದಿಯಿಂದ ಬಲವಾಗಿ ಎಳೆದು, ತದನಂತರ ಉದ್ದ ಬದಿಗಳನ್ನು ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಹೋಗಬೇಕು. ಪಿನ್ನುಗಳು ಒತ್ತೊತ್ತಾಗಿ ಕಲ್ಲಿನ ಕೆಳಗಿನ ಮರದ ಚೌಕಟ್ಟಿಗೆ ಹಿಡಿಯಬೇಕು. ಪಾಕೆಟ್ಟಿನ ಬಾಯಿಯಲ್ಲಿ ಬಟ್ಟೆ ಸೀಳುವುದು ಕೊನೆಯ ಕೆಲಸ. ಕುಶನ್ ಪಟ್ಟಿಗಳಿಗೆ ಬೇರೆ ತುಂಡುಗಳನ್ನು ಸುತ್ತಿ, ಮತ್ತೆ ಬೋಲ್ಟು ಬಿಗಿದರೆ ಕೆಲಸ ಮುಗಿಯಿತು.

ಇದರಲ್ಲಿ ವ್ಯವಹಾರದ ದೃಷ್ಟಿಯಿಂದ ಮುಖ್ಯವಾದ ಸಂಗತಿಗಳು ಎರಡು. ಒಂದು, ಕತ್ತರಿ ಬಿದ್ದ ಕ್ಷಣದಿಂದ ಬಟ್ಟೆಯನ್ನು ಅಂಗಡಿಗೆ ಮರಳಿಸಲಾಗುವುದಿಲ್ಲ. ಎರಡು, ಕೆಲಸದ ಅತಿ ಮುಖ್ಯ ಭಾಗವಾದ ಪಿನ್ನುಗಳು ಮತ್ತು ಸೀಳುಗಳು ಕುಶನ್ ಪಟ್ಟಿ ಕೂಡಿಸಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ.

3. ದೋಷ ಯಾರದೆಂದು ಗುರುತಿಸುವ ಬಗೆ

ಉಣ್ಣೆಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ತೇವ ಹೀರಿದಾಗ ಉಣ್ಣೆಯ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಾರವಾರ, ಅಂಕೋಲಾ ಕಡೆಯ ಮಳೆಗಾಲ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಕಾಲ ಅದು. ಜನವರಿಯ ಒಣಹವೆಯಲ್ಲಿ ಹಾಸಿದ ಬಟ್ಟೆ ಜುಲೈನಲ್ಲಿ ಕೊಂಚ ಸಡಿಲಾದರೆ ಅದು ಉಣ್ಣೆಯ ಸ್ವಭಾವ. ಅಂಗಡಿಯವರ ಮಾತಿನಲ್ಲಿ ಇಷ್ಟರ ಮಟ್ಟಿಗೆ ಸತ್ಯವಿತ್ತು. ಆದರೆ ಕೆಲಸ ಬಲ್ಲವನು ಈ ಹಿಗ್ಗುವಿಕೆಗೆ ಆಸ್ಪದವಿಟ್ಟು ಮೊದಲೇ ಬಿಗಿಯಾಗಿ ಎಳೆಯುತ್ತಾನೆ. ಹವೆಯ ದೋಷವೋ ಕೈಯ ದೋಷವೋ ಎಂಬುದನ್ನು ಕೆಳಗಿನ ಗುರುತುಗಳಿಂದ ತಿಳಿಯಬಹುದು.

(ಅ) ಸಡಿಲು ಟೇಬಲ್ಲಿನ ತುಂಬ ಒಂದೇ ಸಮನಾಗಿದ್ದು, ಮಳೆಯೊಂದಿಗೆ ಬಂದು ಬೇಸಿಗೆಯಲ್ಲಿ ಕಡಿಮೆಯಾಗುತ್ತಿದ್ದರೆ ಅದರಲ್ಲಿ ಹವೆಯ ಪಾಲು ದೊಡ್ಡದು.

(ಆ) ಸುಕ್ಕು ಪಾಕೆಟ್ಟಿನ ಬಳಿ ಅಥವಾ ಒಂದೇ ಬದಿಯಲ್ಲಿದ್ದು, ಮೊದಲ ದಿನಗಳಿಂದಲೇ ಇದ್ದರೆ ಅದು ಹಾಸಿದವನ ದೋಷ.

(ಇ) ಬಟ್ಟೆಯ ಮೇಲೆ ಅಂಗೈ ಊರಿ ಮೆಲ್ಲಗೆ ಮುಂದಕ್ಕೆ ತಳ್ಳಿದಾಗ ಕೈಯ ಮುಂದೆ ಅಲೆ ಏಳುತ್ತಿದ್ದರೆ ಎಳೆತ ಸಾಲದು. ದೀಪ ಆರಿಸಿ, ಟಾರ್ಚನ್ನು ಟೇಬಲ್ಲಿನ ಮಟ್ಟಕ್ಕೆ ಹಿಡಿದು ಬೆಳಕು ಹಾಯಿಸಿದರೆ ಹಗಲು ಕಾಣದ ಉಬ್ಬುತಗ್ಗುಗಳು ನೆರಳಾಗಿ ಕಾಣುತ್ತವೆ.

(ಈ) ಕಲ್ಲಿನ ಸಂದಿಯ ಗೆರೆಯಲ್ಲಿ ಚೆಂಡು ಜಿಗಿದರೆ ಅಥವಾ ಬೆರಳಿಗೆ ಕಾಳಿನಂತಹ ಗಡಸು ತಾಗಿದರೆ, ಹಾಸು ಶುಚಿ ಮಾಡದೆ ಬಟ್ಟೆ ಹಾಸಿದ್ದಾರೆ ಎಂದರ್ಥ.

(ಉ) ಕುಶನ್ನಿಗೆ ಬಡಿದ ಚೆಂಡು ಮಂದವಾಗಿ ಮರಳಿ, ಅದರುವ ಸದ್ದು ಬಂದರೆ ಬೋಲ್ಟು ಸಡಿಲವಿರಬಹುದು. ಇದಕ್ಕೆ ಬಟ್ಟೆಯನ್ನು ದೂರುವಂತಿಲ್ಲ.

(ಊ) ಬಟ್ಟೆ ಚೆನ್ನಾಗಿ ಬಿಗಿಯಾಗಿದ್ದರೂ ಚೆಂಡು ಯಾವಾಗಲೂ ಒಂದೇ ಕಡೆಗೆ ವಾಲಿದರೆ, ಅದು ಟೇಬಲ್ಲಿನ ಮಟ್ಟದ ದೋಷ.

(ಎ) ನೇಯ್ಗೆಯಲ್ಲಿ ಎಳೆ ತಪ್ಪಿದ್ದು, ಬಣ್ಣದ ಪಟ್ಟೆ, ರಂಧ್ರ ಇವು ಬಟ್ಟೆಯ ದೋಷಗಳು. ಇವನ್ನು ಕತ್ತರಿ ಹಾಕುವ ಮೊದಲೇ ನೋಡಬೇಕು.

ಸಡಿಲಾದ ಬಟ್ಟೆಗೆ ನೀರು ಸಿಂಪಡಿಸಿ ಇಸ್ತ್ರಿ ಹಾಕುವುದು, ಮೇಲಿನಿಂದಲೇ ಎಳೆದು ಅಂಟು ಹಚ್ಚುವುದು ಮುಂತಾದ ಮನೆಮದ್ದುಗಳನ್ನು ಮಾಡಬಾರದು. ಅವುಗಳಿಂದ ಬಿಗಿ ಬರುವುದಿಲ್ಲ. ಅಷ್ಟೇ ಅಲ್ಲ, ದೋಷ ಯಾರದೆಂಬ ಪುರಾವೆಯೂ ಅಳಿಸಿಹೋಗುತ್ತದೆ. ಸರಿಯಾದ ಪರಿಹಾರ ಒಂದೇ: ಪಟ್ಟಿಗಳನ್ನು ಬಿಚ್ಚಿ, ಪಿನ್ನು ಕಿತ್ತು, ಮತ್ತೆ ಎಳೆದು ಹಾಸುವುದು. ಅಂಚಿನಲ್ಲಿ ಹಿಡಿದೆಳೆಯಲು ಸಾಕಷ್ಟು ಬಟ್ಟೆ ಉಳಿದಿದ್ದರೆ ಮತ್ತು ಪಾಕೆಟ್ಟಿನ ಸೀಳುಗಳು ಮಿತಿ ಮೀರಿರದಿದ್ದರೆ ಇದು ಸಾಧ್ಯ. ಇಲ್ಲವಾದರೆ ಹೊಸ ಬಟ್ಟೆಯೇ ಗತಿ.

ಹಣಕೋಣದ ಟೇಬಲ್ಲಿನಲ್ಲಿ (ಅ) ಮತ್ತು (ಆ) ಎರಡೂ ಗುರುತುಗಳಿದ್ದವು. ಅಂಗಡಿಯವರಿಗೆ ಮುಂಚಿತವಾಗಿ ಪತ್ರ ಬರೆದು, ಅವರಿಗೂ ಹಾಜರಿರಲು ಅವಕಾಶ ಕೊಟ್ಟು, ಬೇರೊಬ್ಬ ಅನುಭವಸ್ಥನಿಂದ ಒಂದು ಬದಿಯ ಪಟ್ಟಿಯನ್ನು ಬಿಚ್ಚಿಸಲಾಯಿತು. ಅಂಗಡಿಯವರು ಬರಲಿಲ್ಲ. ಉದ್ದ ಬದಿಯಲ್ಲಿ ಪಿನ್ನುಗಳು ಒಂದೊಂದು ಗೇಣಿಗೆ ಒಂದರಂತೆ ಇದ್ದವು. ಮೂಲೆಯ ಒಂದು ಸೀಳು ಬೇಕಾದುದಕ್ಕಿಂತ ಉದ್ದವಾಗಿತ್ತು. ಅದೃಷ್ಟವಶಾತ್ ಅಂಚಿನಲ್ಲಿ ಹಿಡಿಯುವಷ್ಟು ಬಟ್ಟೆ ಉಳಿದಿತ್ತು. ಎಲ್ಲದರ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆಯಲಾಯಿತು. ಹವೆಯ ಪಾಲು ಎಷ್ಟೇ ಇರಲಿ, ಕೈಯ ಪಾಲು ಇದ್ದುದು ಇಲ್ಲಿಗೆ ಖಚಿತವಾಯಿತು.

4. ಕಾನೂನಿನ ನೆಲೆ

ಸರಕು ಮಾರಾಟ ಕಾಯಿದೆ 1930ರ ಕಲಂ 16ರ ಪ್ರಕಾರ, ಯಾವ ಉದ್ದೇಶಕ್ಕೆ ಸರಕು ಬೇಕೆಂದು ಕೊಳ್ಳುವವನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕು. ಕಲಂ 41 ಕೊಳ್ಳುವವನಿಗೆ ಪರೀಕ್ಷಿಸಿ ನೋಡುವ ಹಕ್ಕನ್ನು ಕೊಡುತ್ತದೆ. ಕಲಂ 42ರ ಪ್ರಕಾರ, ಬೇಡವೆಂದು ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಸರಿ. ಒಪ್ಪಿಕೊಂಡ ಮೇಲೆ ಸರಕನ್ನು ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗಿ, ನಷ್ಟ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ನಮ್ಮ ಕಕ್ಷಿದಾರರು ಜನವರಿಯಿಂದ ಜೂನ್‌ವರೆಗೆ ಸುಮ್ಮನಿದ್ದುದರಿಂದ "ಬಟ್ಟೆ ವಾಪಸು ತೆಗೆದುಕೊಳ್ಳಿ, ಹಣ ಕೊಡಿ" ಎನ್ನುವ ವಾದ ದುರ್ಬಲವಾಗಿತ್ತು. ಆದರೆ ಪಟ್ಟಿಯ ಅಡಿ ಮರೆಯಾಗಿದ್ದ ದೋಷಕ್ಕೆ ಪರಿಹಾರ ಕೇಳಲು ಅಡ್ಡಿಯಿರಲಿಲ್ಲ.

ಇನ್ನು "ಕೆಲಸಗಾರ ನಮ್ಮವನಲ್ಲ" ಎಂಬ ವಾದ. ಬಟ್ಟೆಗೂ ಮಜೂರಿಗೂ ಒಂದೇ ಬಿಲ್ಲು ಕೊಟ್ಟು, ಎರಡರ ಹಣವನ್ನೂ ಪಡೆದ ಅಂಗಡಿ ಎರಡೂ ಕೆಲಸದ ಹೊಣೆ ಹೊತ್ತಂತೆಯೇ ಸರಿ. ಅಂಗಡಿಯವರು ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದ್ದು ಅವರಿಬ್ಬರ ನಡುವಿನ ವಿಷಯ. ಬಟ್ಟೆಯನ್ನು ಒಬ್ಬರಿಂದ ಕೊಂಡು, ಹಾಸಲು ಮತ್ತೊಬ್ಬರನ್ನು ತಾವೇ ಕರೆಸಿದ್ದರೆ ಪರಿಸ್ಥಿತಿ ಬೇರೆಯಾಗುತ್ತಿತ್ತು. ಆಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ, ನಡುವೆ ಗ್ರಾಹಕ ಬಡವಾಗುತ್ತಾನೆ. ಒಂದೇ ಬಿಲ್ಲಿನ ಬೆಲೆ ಇದರಿಂದ ತಿಳಿಯುತ್ತದೆ.

ಗ್ರಾಹಕ ಸಂರಕ್ಷಣಾ ಕಾಯಿದೆ 2019ರಲ್ಲಿ ಸರಕಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸಲಾಗಿದೆ. ಸಡಿಲಾಗಿ ಹಾಸಿದ್ದು ಸೇವೆಯ ನ್ಯೂನತೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಮಾರಾಟಗಾರರ ಊರಿಗೆ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಆಯೋಗ ಕಾರವಾರದಲ್ಲಿಯೇ ಇದೆ. ಸಂದಾಯ ಮಾಡಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಪ್ರಯತ್ನಿಸಿ ನೋಡುವುದೂ ಉಂಟು.

5. ಬಿಲ್ಲು ಯಾರ ಹೆಸರಿನಲ್ಲಿ?

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿ ಕಂಡಿತು. ದೂರಿನ ಕರಡು ಸಿದ್ಧಪಡಿಸಲು ಬಿಲ್ಲನ್ನು ಮತ್ತೊಮ್ಮೆ ಓದಿದಾಗ ತೊಡಕು ಕಂಡುಬಂತು. ಬಿಲ್ಲು ಮನೆಯ ಯಜಮಾನರ ಹೆಸರಿನಲ್ಲಿ ಇರಲಿಲ್ಲ. ಮಂಜುಗಡ್ಡೆ ಘಟಕದ ಹೆಸರು, ಅದರ ಜಿಎಸ್‌ಟಿ ನೋಂದಣಿ ಸಂಖ್ಯೆ ಹಾಕಿಸಲಾಗಿತ್ತು. ಘಟಕದ ಲೆಕ್ಕದಲ್ಲಿ ಅದು "ದುರಸ್ತಿ ಮತ್ತು ನಿರ್ವಹಣೆ" ಎಂಬ ಖಾತೆಗೆ ಖರ್ಚು ಬಿದ್ದಿತ್ತು. ತೆರಿಗೆಯ ಹೂಡುವಳಿ ಜಮೆಯನ್ನೂ ಪಡೆಯಲಾಗಿತ್ತು. ಈ ನಮೂದು ಮಾಡಿದ್ದು ನನ್ನ ಕಚೇರಿಯಲ್ಲಿಯೇ. ಬಿಲ್ಲಿನಲ್ಲಿ "ಬಟ್ಟೆ ಮತ್ತು ಫಿಟ್ಟಿಂಗ್" ಎಂದಷ್ಟೇ ಇದ್ದುದರಿಂದ ನಮ್ಮ ಸಿಬ್ಬಂದಿ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತೆಂದು ಒಪ್ಪಿಕೊಳ್ಳಬೇಕು.

ಇದರ ಪರಿಣಾಮಗಳು ಮೂರು.

ಮೊದಲನೆಯದಾಗಿ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ 2017ರ ಕಲಂ 17(5)ರ ಪ್ರಕಾರ ವೈಯಕ್ತಿಕ ಬಳಕೆಯ ಸರಕು ಸೇವೆಗಳ ಮೇಲಿನ ತೆರಿಗೆಗೆ ಹೂಡುವಳಿ ಜಮೆ ಸಿಗುವುದಿಲ್ಲ. ತಪ್ಪಾಗಿ ಪಡೆದುದನ್ನು ಮರಳಿಸಬೇಕು. ಅದನ್ನು ಬಳಸಿಕೊಂಡಿದ್ದರೆ ಬಡ್ಡಿಯನ್ನೂ ತೆರಬೇಕು.

ಎರಡನೆಯದಾಗಿ, ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕಾಗಿಯೇ ಮಾಡಿದ ಖರ್ಚಿಗೆ ಮಾತ್ರ ಕಡಿತವುಂಟು. 1961ರ ಕಾಯಿದೆಯಲ್ಲಿದ್ದ ಈ ತತ್ವ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಲ್ಲಿಯೂ ಮುಂದುವರಿದಿದೆ. ಮನೆಯ ಟೇಬಲ್ಲಿನ ಬಟ್ಟೆ ಮಾಲೀಕರ ಸ್ವಂತ ಖರ್ಚು. ಅದು ಅವರ ಹಿಂತೆಗೆತ ಖಾತೆಗೆ ಹೋಗಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ವಾಣಿಜ್ಯ ಉದ್ದೇಶಕ್ಕಾಗಿ ಸರಕು ಸೇವೆ ಪಡೆದವನು, ಜೀವನೋಪಾಯದ ಸ್ವಯಂ ಉದ್ಯೋಗದಂತಹ ವಿನಾಯಿತಿ ಹೊರತು, ಗ್ರಾಹಕ ಸಂರಕ್ಷಣಾ ಕಾಯಿದೆಯಡಿ "ಗ್ರಾಹಕ"ನಲ್ಲ. ಬಿಲ್ಲಿನಲ್ಲಿರುವ ಹೆಸರು ಒಂದೇ ನಿರ್ಣಾಯಕವಲ್ಲ, ಖರೀದಿಯ ಪ್ರಧಾನ ಉದ್ದೇಶವನ್ನು ನೋಡಬೇಕೆಂಬುದು ಸರ್ವೋಚ್ಚ ನ್ಯಾಯಾಲಯ ಒಪ್ಪಿರುವ ತತ್ವ. ಆದರೆ ಆಯೋಗದ ಮುಂದೆ "ಇದು ನನ್ನ ಮನೆಯ ಬಳಕೆಗೆ" ಎಂದು ಹೇಳಬೇಕಾದವರ ಲೆಕ್ಕದ ಪುಸ್ತಕ "ಇದು ವ್ಯವಹಾರದ ಖರ್ಚು" ಎನ್ನುತ್ತಿದ್ದರೆ ಎದುರು ವಕೀಲರಿಗೆ ಬೇರೆ ಅಸ್ತ್ರ ಬೇಕಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಸ್ಥಿತಿ ಕಾಳಿ ನದಿಯ ದಂಡೆಯವರಿಗೆ ವಿವರಿಸಬೇಕಾಗಿಲ್ಲ. ಕೆಲವು ಸಾವಿರ ರೂಪಾಯಿ ತೆರಿಗೆ ಉಳಿಸಲು ಹೋಗಿ, ಕಾನೂನು ಉಚಿತವಾಗಿ ಕೊಟ್ಟ ರಕ್ಷಣೆಯನ್ನೇ ಅವರು ಅಪಾಯಕ್ಕೆ ಒಡ್ಡಿದ್ದರು.

ಮೊದಲು ಲೆಕ್ಕ ಸರಿಪಡಿಸಲಾಯಿತು. ಖರ್ಚನ್ನು ಹಿಂತೆಗೆತ ಖಾತೆಗೆ ವರ್ಗಾಯಿಸಿ, ಪಡೆದ ತೆರಿಗೆ ಜಮೆಯನ್ನು ಮರಳಿಸಿದೆವು. ದೂರಿನ ಮಾತು ನಂತರದ್ದು.

6. ನಷ್ಟದ ಲೆಕ್ಕ

ಕೋಪದಲ್ಲಿರುವವರು ಕೇಳುವ ಮೊತ್ತಕ್ಕೂ ಕಾನೂನು ಕೊಡಿಸುವ ಮೊತ್ತಕ್ಕೂ ಅಂತರವಿದೆ. ಕರಾರು ಕಾಯಿದೆ 1872ರ ಕಲಂ 73ರಂತೆ, ಕರಾರು ಭಂಗದಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಮಾತ್ರ ಪರಿಹಾರ. ಅಲ್ಲದೇ ಅನನುಕೂಲವನ್ನು ಸರಿಪಡಿಸಿಕೊಳ್ಳಲು ಇದ್ದ ಮಾರ್ಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸದರಿ ಪ್ರಕರಣದಲ್ಲಿ ತೆರಿಗೆ ಬಿಟ್ಟು ಲೆಕ್ಕ ಹೀಗಿತ್ತು.

ಬಟ್ಟೆ ಉಳಿಸಿಕೊಂಡು ಮತ್ತೆ ಎಳೆದು ಹಾಸುವುದಾದರೆ: ಬೇರೆ ಕೆಲಸಗಾರನ ಮಜೂರಿ ರೂ. 6,000. ನಷ್ಟ ಇಷ್ಟೇ.

ಬಟ್ಟೆ ಕೆಟ್ಟಿದ್ದು ಹೊಸದು ಬೇಕಾದರೆ: ಬಟ್ಟೆ ರೂ. 24,000, ಮಜೂರಿ ರೂ. 6,000, ಒಟ್ಟು ರೂ. 30,000. ಬಟ್ಟೆಯ ಆಯುಷ್ಯ 60 ತಿಂಗಳೆಂದು ಇಟ್ಟುಕೊಂಡರೆ, ಬಳಸಿದ 5 ತಿಂಗಳ ಪಾಲು ರೂ. 2,000 ಕಳೆದು, ನಿವ್ವಳ ರೂ. 28,000.

ಬಟ್ಟೆ ಉಳಿಯುವಂತಿದ್ದುದರಿಂದ ನ್ಯಾಯಸಮ್ಮತ ಬೇಡಿಕೆ ರೂ. 6,000ದ ಸುತ್ತಮುತ್ತ ಇತ್ತು. ಕಕ್ಷಿದಾರರ ಮನಸ್ಸಿನಲ್ಲಿದ್ದದ್ದು ಒಂದು ಲಕ್ಷ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮುಂದಿಟ್ಟಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಹಾಗಾದರೆ ಅವನೇ ಬಂದು ಸರಿ ಮಾಡಿಕೊಟ್ಟರೆ ಸಾಕಲ್ಲ" ಎಂದರು. ಲೆಕ್ಕ ಬರೆಯುವುದರ ಒಂದು ಪ್ರಯೋಜನ ಇದು. ಅಂಕಿಗಳು ಎದುರಿಗಿದ್ದಾಗ ಸಿಟ್ಟು ತಾನಾಗಿ ತನ್ನ ಅಳತೆಗೆ ಬರುತ್ತದೆ.

7. ರಾಜಿ ಮತ್ತು ಅದರ ತೆರಿಗೆ

ಛಾಯಾಚಿತ್ರಗಳು, ಬಿಲ್ಲಿನ ಪ್ರತಿ ಮತ್ತು ಈ ಲೆಕ್ಕವನ್ನು ಲಗತ್ತಿಸಿ ಅಂಗಡಿಯವರಿಗೆ ಹದಿನೈದು ದಿನಗಳ ನೋಟೀಸು ಕಳುಹಿಸಲಾಯಿತು. ಭಾಷೆ ಸೌಮ್ಯವಾಗಿತ್ತು. ಹವೆಯ ಪಾಲನ್ನೂ ತಡವಾಗಿ ತಿಳಿಸಿದ್ದನ್ನೂ ನಾವೇ ಒಪ್ಪಿಕೊಂಡಿದ್ದೆವು. ಉತ್ತರ ಬಂತು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಅಂಗಡಿಯವರು ಹಿರಿಯ ಕೆಲಸಗಾರರೊಬ್ಬರನ್ನು ಕಳುಹಿಸಿ ಉಚಿತವಾಗಿ ಪೂರ್ತಿ ಬಿಚ್ಚಿ ಹಾಸಿಕೊಟ್ಟರು. ಉದ್ದವಾಗಿದ್ದ ಸೀಳಿನ ಗುರುತು ಮೂಲೆಯಲ್ಲಿ ಒಂದಿಷ್ಟು ಉಳಿಯಿತು. ಅದಕ್ಕಾಗಿ ರೂ. 2,000 ಕಡಿತ ಒಪ್ಪಿ ಜಮಾ ಚೀಟಿ ಕೊಟ್ಟು, ಆ ಹಣವನ್ನು ಮರಳಿಸಿದರು. ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲ.

ಮಾರಾಟಗಾರರಾಗಿರುವ ಸದಸ್ಯರು ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು.

ಒಂದು: ಹಳೆಯ ಮೌಲ್ಯವರ್ಧಿತ ತೆರಿಗೆಯ ಕಾಲದ ರೂಢಿಯಿಂದ ಅನೇಕರು ಇಂತಹ ಕೆಲಸವನ್ನು ಇನ್ನೂ "ವರ್ಕ್ಸ್ ಕಾಂಟ್ರ್ಯಾಕ್ಟ್" ಎನ್ನುತ್ತಾರೆ. 2017ರ ಜುಲೈ 1ರಿಂದ ಆ ಪದ ಸ್ಥಿರಾಸ್ತಿಯ ಕೆಲಸಕ್ಕೆ ಮಾತ್ರ ಅನ್ವಯ. ಟೇಬಲ್ ಚರಾಸ್ತಿ. ಬಟ್ಟೆಯೊಂದಿಗೆ ಸಹಜವಾಗಿ ಕೂಡಿಬರುವ ಫಿಟ್ಟಿಂಗ್ ಸಂಯುಕ್ತ ಪೂರೈಕೆ ಎನಿಸಿಕೊಂಡು, ಪ್ರಧಾನ ಪೂರೈಕೆಯ ದರದಲ್ಲಿ ತೆರಿಗೆಗೆ ಒಳಪಡುತ್ತದೆ.

ಎರಡು: ಸೇವೆಯಲ್ಲಿ ನ್ಯೂನತೆ ಕಂಡುಬಂದಾಗ ಕಲಂ 34ರ ಅಡಿ ಜಮಾ ಚೀಟಿ ಕೊಡಲು ಅವಕಾಶವಿದೆ. ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ಅದನ್ನು ವಿವರಣೆಯಲ್ಲಿ ತೋರಿಸಬೇಕು. ಗ್ರಾಹಕರು ಕಳುಹಿಸುವ ಖರ್ಚಿನ ಚೀಟಿಯಿಂದ ನಿಮ್ಮ ತೆರಿಗೆ ಹೊಣೆ ಇಳಿಯುವುದಿಲ್ಲ.

ಮೂರು: ಖಾತರಿ ಅವಧಿಯಲ್ಲಿ ಉಚಿತವಾಗಿ ಮಾಡಿಕೊಡುವ ದುರಸ್ತಿಗೆ ಮತ್ತೆ ತೆರಿಗೆಯಿಲ್ಲ, ಅದಕ್ಕೆ ಬಳಸಿದ ಭಾಗಗಳ ಜಮೆಯನ್ನು ಮರಳಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಸಂಖ್ಯೆ 195 ಸ್ಪಷ್ಟಪಡಿಸಿದೆ. ಆದ್ದರಿಂದ ಖಾತರಿಯ ಅವಧಿಯನ್ನು ಬಿಲ್ಲಿನಲ್ಲಿಯೇ ಬರೆಯುವುದು ಒಳಿತು.

8. ಹದಿನೈದು ದಿನಗಳ ಮಹತ್ವ

ಕೆಲಸಗಾರರು ಅಥವಾ ಪೂರೈಕೆದಾರರು ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ ಇನ್ನೊಂದು ಕಾಯಿದೆಯೂ ಬರುತ್ತದೆ. 2006ರ ಎಂಎಸ್‌ಎಂಇಡಿ ಕಾಯಿದೆಯಂತೆ, ಸೇವೆ ಪಡೆದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಕೆಲಸವನ್ನು ಒಪ್ಪಿಕೊಂಡಂತೆ ಭಾವಿಸಲಾಗುತ್ತದೆ. ಆಕ್ಷೇಪಣೆ ಸಲ್ಲಿಸಿದ್ದರೆ, ದೋಷ ನಿವಾರಿಸಿದ ದಿನದಿಂದ ಪಾವತಿಯ ಗಡುವು ಎಣಿಕೆಯಾಗುತ್ತದೆ. ಕರಾರು ಇಲ್ಲದಿದ್ದರೆ 15 ದಿನ, ಕರಾರು ಇದ್ದರೂ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. "ಕೆಲಸ ಸರಿಯಿಲ್ಲ" ಎಂದು ಬಾಯಲ್ಲಿ ಹೇಳುತ್ತ ಹಣ ತಡೆಹಿಡಿಯುವ ಅಭ್ಯಾಸವುಳ್ಳವರು ಇದನ್ನು ನೆನಪಿಡಬೇಕು. ಬರೆದು ತಿಳಿಸದ ಆಕ್ಷೇಪಣೆಗೆ ಇಲ್ಲಿ ಬೆಲೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ ಕಲಂ 4ರಂತೆ ಇಮೇಲ್, ವಾಟ್ಸ್‌ಆ್ಯಪ್ ಸಂದೇಶಗಳಿಗೂ ಬರಹದ ಮಾನ್ಯತೆಯುಂಟು. ಮೂಲ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಬೇಕು.

9. ಪಾಲಿಸಬೇಕಾದ ಕ್ರಮ

ಕೊಳ್ಳುವವರು:

(1) ಬಟ್ಟೆಯ ಬಗೆ, ಅಳತೆ, ಉಣ್ಣೆಯ ಪ್ರಮಾಣ, ಫಿಟ್ಟಿಂಗ್ ಮಜೂರಿ, ಖಾತರಿ ಅವಧಿ ಇವನ್ನು ಮುಂಚಿತವಾಗಿ ಬರೆಸಿಕೊಳ್ಳಿ. ಸಾಧ್ಯವಾದರೆ ಸರಕೂ ಕೆಲಸವೂ ಒಂದೇ ಬಿಲ್ಲಿನಲ್ಲಿರಲಿ.

(2) ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಪೂರ್ತಿ ಹರಡಿ ನೋಡಿ. ಕುಶನ್ ಪಟ್ಟಿ ಕೂಡಿಸುವ ಮೊದಲು ಪಿನ್ನುಗಳ ಮತ್ತು ಸೀಳುಗಳ ಛಾಯಾಚಿತ್ರ ತೆಗೆದುಕೊಳ್ಳಿ.

(3) ಕೆಲಸ ಮುಗಿದೊಡನೆ ಅಂಗೈ ಪರೀಕ್ಷೆ, ಟಾರ್ಚ್ ಪರೀಕ್ಷೆ, ನಿಧಾನ ಚೆಂಡಿನ ಪರೀಕ್ಷೆ ಮಾಡಿ. ಮಜೂರಿಯ ಒಂದು ಭಾಗವನ್ನು ಒಂದು ವಾರದ ಬಳಕೆಯ ನಂತರ ಕೊಡುವಂತೆ ಮೊದಲೇ ಮಾತಾಡಿಕೊಳ್ಳಿ.

(4) ದೋಷ ಕಂಡರೆ 15 ದಿನದೊಳಗೆ ಬರೆದು ತಿಳಿಸಿ. ಕೆಲಸಗಾರನಿಗೆ ಸರಿಪಡಿಸಲು ಒಂದು ಅವಕಾಶ ಕೊಡಿ.

(5) ಮನೆಯ ಬಿಲ್ಲು ಮನೆಯವರ ಹೆಸರಿನಲ್ಲಿಯೇ ಇರಲಿ.

ಮಾರುವವರು:

(1) ಕರಾವಳಿಯ ಗ್ರಾಹಕರಿಗೆ ಮಳೆಗಾಲದಲ್ಲಿ ಬಟ್ಟೆ ಕೊಂಚ ಸಡಿಲಾಗಬಹುದೆಂದು ಮೊದಲೇ ಬರೆದು ತಿಳಿಸಿ. ನಂತರ ಹೇಳಿದರೆ ಅದು ನೆಪವೆನಿಸುತ್ತದೆ.

(2) ಒಂದು ಮಳೆಗಾಲ ಕಳೆದ ಮೇಲೆ ಒಮ್ಮೆ ಎಳೆದುಕೊಡುವ ಭೇಟಿಯನ್ನು ದರದಲ್ಲಿಯೇ ಸೇರಿಸಿ.

(3) ಕೆಲಸ ಒಪ್ಪಿಸುವಾಗ ಗ್ರಾಹಕರ ಎದುರಿಗೆ ಪರೀಕ್ಷಿಸಿ, ಸಹಿ ಪಡೆಯಿರಿ.

(4) ಹೊರಗಿನ ಕೆಲಸಗಾರರೊಂದಿಗೆ ನಿಮ್ಮದೇ ಲಿಖಿತ ಒಪ್ಪಂದವಿರಲಿ.

10. ಸಮಾರೋಪ

ಪೂಲ್ ಟೇಬಲ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ಹವಾನಿಯಂತ್ರಕ, ಸೌರ ನೀರುಕಾಯಿಸುವ ಯಂತ್ರ, ಅಡುಗೆಮನೆಯ ಕಪಾಟು, ಕಾರ್ಖಾನೆಯ ಕನ್ವೇಯರ್ ಬೆಲ್ಟು ಇವೆಲ್ಲವೂ ಮಾರಿ ಜೋಡಿಸಿಕೊಡುವ ಸರಕುಗಳೇ. ಸರಕು ಎಷ್ಟೇ ಉತ್ತಮವಾಗಿದ್ದರೂ ಜೋಡಣೆ ಕೆಟ್ಟರೆ ಗ್ರಾಹಕರ ಪಾಲಿಗೆ ಎಲ್ಲವೂ ಕೆಟ್ಟಂತೆ. ಈ ಪ್ರಕರಣದಲ್ಲಿ ಮೊದಲ ವಾರ ಮಕ್ಕಳು ತೋರಿಸಿದ ಸುಕ್ಕನ್ನು ಆ ದಿನವೇ ಬರೆದು ತಿಳಿಸಿದ್ದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಹತ್ತು ತಿಂಗಳು ಹಿಡಿಯಿತು.

ಕಳೆದ ಬಾರಿ ಹಣಕೋಣಕ್ಕೆ ಹೋದಾಗ ಟೇಬಲ್ಲಿನ ಮೇಲೆ ಅಂಗೈ ಊರಿ ತಳ್ಳಿ ನೋಡಿದೆ. ಅಲೆ ಏಳಲಿಲ್ಲ. ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ, ಯಜಮಾನರ ಸ್ವಂತ ಹೆಸರಿನಲ್ಲಿದ್ದ ಹೊಸ ಚೆಂಡುಗಳ ಬಿಲ್ಲನ್ನು ಅವರು ನನಗೆ ತೆಗೆದು ತೋರಿಸಿದರು. ಸದಸ್ಯರು ತಮ್ಮ ತಮ್ಮ ವ್ಯವಹಾರದಲ್ಲಿ ಮೇಲಿನ ಅಂಶಗಳನ್ನು ಅಳವಡಿಸಿಕೊಂಡರೆ ಈ ಲೇಖನದ ಶ್ರಮ ಸಾರ್ಥಕ.